ಹಳೆಯ ಎಸಿಯನ್ನು ಬದಲಿಸುವ ಮುನ್ನ: ಕಾಸರಗೋಡಿನ ಸೆಕೆಗೆ ತಕ್ಕ ಲೆಕ್ಕಾಚಾರ

ಮಂಜೇಶ್ವರದಿಂದ ಹೊಸದುರ್ಗದವರೆಗಿನ ಊರುಗಳಲ್ಲಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಮಲಗುವ ಕೋಣೆಗೆಂದು ಹಾಕಿಸಿದ ಎಸಿಗಳು ಈಗ ಒಂದೊಂದಾಗಿ ಕೈಕೊಡುವ ಹಂತಕ್ಕೆ ಬಂದಿವೆ. ಕುಂಭ, ಮೀನ ತಿಂಗಳ ಸೆಕೆ ಏರುತ್ತಿದ್ದಂತೆ ಯಂತ್ರ ತಣಿಸುವುದನ್ನು ನಿಲ್ಲಿಸುತ್ತದೆ. ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿಸಿ ಹೋಗುತ್ತಾರೆ. ಮರುವರ್ಷ ಅದೇ ಹೊತ್ತಿಗೆ ಅದೇ ತೊಂದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆಗ ಹೊಸದನ್ನು ಕೊಳ್ಳುವ ಮಾತು ಬರುತ್ತದೆ, ಅಂಗಡಿಗೆ ಹೋದರೆ ಎಷ್ಟು ಟನ್, ಎಷ್ಟು ಸ್ಟಾರ್ ಎಂಬ ಎರಡು ಪ್ರಶ್ನೆಗಳಲ್ಲಿ ವ್ಯವಹಾರ ಮುಗಿದುಹೋಗುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಎಸಿಯ ಮುಖ್ಯ ಹೊರೆ ಗಾಳಿಯಲ್ಲಿ ತುಂಬಿರುವ ನೀರು. ಅದನ್ನು ಲೆಕ್ಕಕ್ಕೆ ಹಿಡಿಯದೆ ಟನ್ನು, ಸ್ಟಾರುಗಳನ್ನು ಆರಿಸಿದವರು ಹೆಚ್ಚು ಹಣ ಕೊಟ್ಟು ಕಡಿಮೆ ಸುಖವನ್ನು ಕೊಂಡುಕೊಳ್ಳುತ್ತಾರೆ.

ಎಸಿ ಚಳಿಯನ್ನು ತಯಾರಿಸುವುದಿಲ್ಲ. ಕೋಣೆಯೊಳಗಿನ ಉಷ್ಣವನ್ನು ಹೊತ್ತು ಹೊರಗೆ ಹಾಕುತ್ತದೆ. ಮುಚ್ಚಿದ ಕೊಳವೆಯೊಳಗೆ ಸುತ್ತುವ ಶೀತಕವು, ಅಂದರೆ ನಾವೆಲ್ಲ ಗ್ಯಾಸ್ ಎಂದು ಕರೆಯುವ ವಸ್ತುವು, ಇಂಡೋರ್ ಯೂನಿಟ್ಟಿನ ಸುರುಳಿಯಲ್ಲಿ ಕಡಿಮೆ ಒತ್ತಡದಲ್ಲಿ ಆವಿಯಾಗುತ್ತಾ ಕೋಣೆಯ ಉಷ್ಣವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಹೊರಗಾಳಿಗಿಂತ ಬಿಸಿಯಾಗಿಸಿ, ಔಟ್‌ಡೋರ್ ಯೂನಿಟ್ಟಿನ ಸುರುಳಿಗೆ ಕಳುಹಿಸುತ್ತದೆ. ಅಲ್ಲಿ ಅದು ಉಷ್ಣವನ್ನು ಬಿಟ್ಟುಕೊಟ್ಟು ದ್ರವವಾಗಿ, ಕಿರಿದಾದ ದಾರಿಯೊಂದರಲ್ಲಿ ಹಾದು ಒತ್ತಡ ಕಳೆದುಕೊಂಡು ಮತ್ತೆ ಒಳಕ್ಕೆ ಬರುತ್ತದೆ. ಈ ಸುತ್ತಿನಲ್ಲಿ ಗ್ಯಾಸ್ ಎಲ್ಲಿಯೂ ಖರ್ಚಾಗುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕೆಂಬ ಮಾತಿಗೆ ಆಧಾರವಿಲ್ಲ; ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಚಳಿಯ ನಾಡುಗಳಲ್ಲಿ ಇದೇ ಸುತ್ತನ್ನು ತಿರುಗುಮುರುಗು ಮಾಡುವ ವಾಲ್ವ್ ಇಟ್ಟು, ಹೊರಗಿನ ಉಷ್ಣವನ್ನು ಒಳಕ್ಕೆ ತರುತ್ತಾರೆ. ನಮ್ಮ ಅಂಗಡಿಗಳಲ್ಲೂ ‘ಹಾಟ್ ಆ್ಯಂಡ್ ಕೋಲ್ಡ್’ ಹೆಸರಿನಲ್ಲಿ ಅಂಥ ಮಾದರಿಗಳು ಸಿಗುತ್ತವೆ, ಆದರೆ ಧನು ತಿಂಗಳ ಬೆಳಗಿನ ಜಾವಕ್ಕೂ ಒಂದು ಕಂಬಳಿ ಸಾಕಾಗುವ ಊರಿನಲ್ಲಿ ಅದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಹಳೆಯ ಯಂತ್ರವನ್ನು ರಿಪೇರಿ ಮಾಡಿಸುವುದೋ, ಬದಲಿಸುವುದೋ ಎಂಬುದನ್ನು ವಯಸ್ಸೊಂದರಿಂದಲೇ ನಿರ್ಧರಿಸಬಾರದು. ಯಾವ ಭಾಗ ಕೆಟ್ಟಿದೆ ಎಂಬುದನ್ನು ನೋಡಬೇಕು. ಔಟ್‌ಡೋರ್ ಯೂನಿಟ್ಟು ಗುಂಯ್‌ಗುಟ್ಟಿ ಕಂಪ್ರೆಸರ್ ಚಾಲೂ ಆಗದಿದ್ದರೆ ಅನೇಕ ಸಲ ಕೆಟ್ಟಿರುವುದು ಕಂಪ್ರೆಸರ್ ಹೊರಡಲು ನೆರವಾಗುವ ಕೆಪಾಸಿಟರ್ ಎಂಬ ಸಣ್ಣ ಭಾಗ ಮಾತ್ರ, ಅದರ ಬೆಲೆ ಕೆಲವು ನೂರು ರೂಪಾಯಿ. ಇಂಡೋರ್ ಯೂನಿಟ್ಟಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಡ್ರೈನ್ ಪೈಪಿನಲ್ಲಿ ಪಾಚಿ ಕಟ್ಟಿರಬಹುದು, ಇಲ್ಲವೇ ಇರುವೆ ಗೂಡು ಮಾಡಿರಬಹುದು. ತಾಮ್ರದ ಪೈಪನ್ನು ಯೂನಿಟ್ಟಿಗೆ ಕೂಡಿಸುವ ಫ್ಲೇರ್ ನಟ್ಟಿನ ಜೋಡಣೆಯಲ್ಲಿ ಸೋರುತ್ತಿದ್ದರೆ ಅದನ್ನು ಬಿಚ್ಚಿ ಹೊಸದಾಗಿ ಮಾಡಿದರೆ ಸಾಕು. ಇಂಥ ಕಾರಣಗಳಿಗಾಗಿ ಯಂತ್ರವನ್ನೇ ಬದಲಿಸುವುದು ದುಂದು.

ಸುರುಳಿಯೇ ಸೋರುತ್ತಿದ್ದರೆ ಮಾತು ಬೇರೆ. ಸಮುದ್ರದಿಂದ ಬೀಸುವ ಉಪ್ಪಿನಂಶದ ಗಾಳಿ ತಾಮ್ರದ ಕೊಳವೆ ಮತ್ತು ಅದನ್ನು ಕಚ್ಚಿಕೊಂಡಿರುವ ಅಲ್ಯೂಮಿನಿಯಮ್ ರೆಕ್ಕೆಗಳ ನಡುವೆ ತೇವವಾಗಿ ನಿಂತಾಗ, ಎರಡು ಬೇರೆ ಲೋಹಗಳು ಒಟ್ಟಿಗಿರುವ ಕಾರಣಕ್ಕೆ ಅಲ್ಯೂಮಿನಿಯಮ್ ಬೇಗ ಸವೆಯುತ್ತದೆ. ರೆಕ್ಕೆಗಳು ಕೈಯಲ್ಲಿ ಮುಟ್ಟಿದರೆ ಪುಡಿಯಾಗುವ ಸ್ಥಿತಿ ಕುಂಬಳೆ, ಉಪ್ಪಳದಂತಹ ಕಡಲ ಅಂಚಿನ ಊರುಗಳಲ್ಲಿ ಬೇಗ ಬರುತ್ತದೆ, ಬದಿಯಡ್ಕ, ಮುಳ್ಳೇರಿಯದಂತಹ ಒಳನಾಡಿನಲ್ಲಿ ನಿಧಾನವಾಗಿ ಬರುತ್ತದೆ. ತೂತು ಒಂದು ಕಡೆ ಕಂಡಿತೆಂದರೆ ಉಳಿದ ಕಡೆಯೂ ಕೊಳವೆ ತೆಳುವಾಗಿರುವ ಸಂಭವ ಹೆಚ್ಚು, ಹಾಗಾಗಿ ಬೆಸುಗೆ ಹಾಕಿಸಿ ಗ್ಯಾಸ್ ತುಂಬಿಸಿದ ಹಣ ಒಂದು ಬೇಸಿಗೆಯಲ್ಲಿ ಕರಗಿಹೋಗುತ್ತದೆ. ವಾರಂಟಿ ಮುಗಿದ ಮೇಲೆ ಕಂಪ್ರೆಸರ್ ಸುಟ್ಟುಹೋದರೂ ಹೀಗೆಯೇ. ರಿಪೇರಿಯ ಅಂದಾಜು ಹೊಸದರ ಬೆಲೆಯ ಮೂರನೆಯ ಒಂದು ಪಾಲನ್ನು ದಾಟಿತು, ಯಂತ್ರಕ್ಕೆ ಎಂಟು ವರ್ಷವೂ ದಾಟಿತು ಎಂದಾದರೆ ಬದಲಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ಗ್ಯಾಸಿನ ಜಾತಿ. ಸುಮಾರು 2015ರವರೆಗೆ ಮಾರಾಟವಾದ ಬಹಳಷ್ಟು ಎಸಿಗಳಲ್ಲಿ ಇರುವುದು ಆರ್-22. ಅದು ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತ ಹಂತವಾಗಿ ಕೈಬಿಡಲಾಗುತ್ತಿದೆ. ಭಾರತದಂತಹ ದೇಶಗಳು 2030ರ ಹೊತ್ತಿಗೆ ಅದರ ಬಳಕೆಯನ್ನು ಮುಗಿಸಿ, ಹಳೆಯ ಯಂತ್ರಗಳ ದುರಸ್ತಿಗೆಂದು ಅಲ್ಪ ಪ್ರಮಾಣವನ್ನು ಮಾತ್ರ 2040ರವರೆಗೆ ಉಳಿಸಿಕೊಳ್ಳಬಹುದು. ಅಂದರೆ ಸೋರುವ ಆರ್-22 ಯಂತ್ರವನ್ನು ಉಳಿಸಿಕೊಂಡಷ್ಟು ಕಾಲ ಗ್ಯಾಸ್ ದುರ್ಲಭವೂ ದುಬಾರಿಯೂ ಆಗುತ್ತಾ ಹೋಗುವುದನ್ನು ನಿರೀಕ್ಷಿಸಬೇಕು. ಹಳೆಯ ಯಂತ್ರಕ್ಕೇ ಬೇರೆ ಗ್ಯಾಸ್ ತುಂಬಿಸಿ ಕೊಡುತ್ತೇವೆ ಎನ್ನುವವರು ಸಿಗಬಹುದು, ಆದರೆ ಆರ್-410ಎ, ಆರ್-32ರಂತಹ ಹೊಸ ಗ್ಯಾಸುಗಳ ಒತ್ತಡ ಆರ್-22ರ ಒಂದೂವರೆ ಪಟ್ಟಿಗೂ ಹೆಚ್ಚು, ಅವುಗಳಿಗೆ ಬೇಕಾದ ಎಣ್ಣೆಯೂ ಬೇರೆ, ಒಪ್ಪಬಾರದು.

ಈಗ ನೀರಿನ ಲೆಕ್ಕಕ್ಕೆ ಬರೋಣ. 32 ಡಿಗ್ರಿ ಉಷ್ಣತೆಯಲ್ಲಿ 75 ಶೇಕಡಾ ತೇವಾಂಶವಿರುವ ಗಾಳಿಯ ಪ್ರತಿ ಕಿಲೋಗ್ರಾಮಿನಲ್ಲಿ ಸುಮಾರು 22 ಗ್ರಾಮಿನಷ್ಟು ನೀರಾವಿ ಇರುತ್ತದೆ. ಮೈಗೆ ಹಿತವೆನಿಸುವ 25 ಡಿಗ್ರಿ, 55 ಶೇಕಡಾ ಸ್ಥಿತಿಯಲ್ಲಿ ಅದು ಸುಮಾರು 11 ಗ್ರಾಮು ಮಾತ್ರ. ಅಂದರೆ ಹೊರಗಿನಿಂದ ನುಸುಳಿದ ಗಾಳಿಯ ಅರ್ಧದಷ್ಟು ನೀರನ್ನು ಹಿಂಡಿ ತೆಗೆಯದೆ ಹಿತವಿಲ್ಲ. ಹೀಗೆ ನುಸುಳಿದ ಗಾಳಿಯನ್ನು ಹದಕ್ಕೆ ತರಲು ಬೇಕಾಗುವ ಒಟ್ಟು ಕೆಲಸದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ನೀರನ್ನು ತೆಗೆಯುವುದಕ್ಕೇ ಹೋಗುತ್ತದೆ, ಉಷ್ಣತೆಯನ್ನು ಇಳಿಸುವುದಕ್ಕೆ ಉಳಿಯುವುದು ಒಂದು ಪಾಲು. ಗೋಡೆ, ಮಾಡು, ಮನುಷ್ಯರು ಕೊಡುವ ಉಷ್ಣ ಇದರ ಮೇಲೆ ಸೇರುತ್ತದೆ. ಹನ್ನೆರಡು ಅಡಿ ಚೌಕದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 45 ಕಿಲೋಗ್ರಾಮಿಗೂ ಮೀರಿ ಗಾಳಿ ಇರುತ್ತದೆ. ಆ ಗಾಳಿ ಒಂದು ಸಲ ಪೂರ್ತಿ ಬದಲಾದರೆ ಅರ್ಧ ಲೀಟರಿನಷ್ಟು ನೀರನ್ನು ಹೊಸದಾಗಿ ತೆಗೆಯಬೇಕು. ಒಂದು ಲೀಟರ್ ನೀರನ್ನು ಆವಿಯಿಂದ ಇಳಿಸಲು ಎಸಿ ಹೊರಹಾಕಬೇಕಾದ ಉಷ್ಣವೇ ಸುಮಾರು 0.68 ಯೂನಿಟ್. ಒಣಹವೆಯ ಬಳ್ಳಾರಿ, ರಾಯಚೂರುಗಳಲ್ಲಿ ನೀರು ಚಿಮುಕಿಸುವ ಏರ್ ಕೂಲರ್ ಕೆಲಸ ಮಾಡಿದರೂ ಕಾಸರಗೋಡಿನಲ್ಲಿ ಸೋಲುವುದು ಇದೇ ಕಾರಣಕ್ಕೆ: ಈಗಾಗಲೇ ನೀರು ತುಂಬಿರುವ ಗಾಳಿಗೆ ಅದು ಇನ್ನಷ್ಟು ನೀರನ್ನು ಸೇರಿಸುತ್ತದೆ.

ಟನ್ನಿನ ಆಯ್ಕೆ ಇದರ ಮೇಲೆಯೇ ನಿಲ್ಲಬೇಕು. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಉಷ್ಣವನ್ನು ಹೊರಹಾಕುವ ಶಕ್ತಿ. ಅಂಗಡಿಯವರು ದೊಡ್ಡದನ್ನೇ ತೋರಿಸುತ್ತಾರೆ, ಕೊಳ್ಳುವವರೂ ‘ಇರಲಿ, ಬೇಗ ತಂಪಾಗುತ್ತದಲ್ಲ’ ಎಂದು ಒಪ್ಪುತ್ತಾರೆ. ತೊಂದರೆಯಿರುವುದು ಆ ‘ಬೇಗ’ದಲ್ಲಿಯೇ. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೆಲವೇ ನಿಮಿಷಗಳಲ್ಲಿ ಉಷ್ಣತೆಯನ್ನು ಇಳಿಸಿ ನಿಂತುಬಿಡುತ್ತದೆ. ಸುರುಳಿ ಚೆನ್ನಾಗಿ ತಣ್ಣಗಾಗಿ ಅದರ ಮೇಲೆ ನೀರು ಕಟ್ಟಿ ಪೈಪಿಗೆ ಇಳಿಯುವಷ್ಟು ಹೊತ್ತು ಅದು ಓಡುವುದೇ ಇಲ್ಲ. ನಿಂತ ಮೇಲೆ ಸುರುಳಿಯಲ್ಲಿ ಉಳಿದ ನೀರನ್ನು ಇಂಡೋರ್ ಫ್ಯಾನು ಮತ್ತೆ ಕೋಣೆಗೇ ಊದುತ್ತದೆ. ರಿಮೋಟಿನಲ್ಲಿ 24 ಎಂದು ತೋರಿಸುತ್ತಿದ್ದರೂ ಮೈ ಜಿಗುಟಾಗಿ, ಹಾಸಿಗೆ ತೇವವೆನಿಸಿ, ಕಪಾಟಿನ ಹಿಂದೆ ಬೂಷ್ಟು ಹಿಡಿಯುವುದು ಇಂಥ ಕೋಣೆಗಳಲ್ಲಿ. ಆಗ ಮನೆಯವರು 20ಕ್ಕೆ ಇಳಿಸುತ್ತಾರೆ, ಬಿಲ್ಲು ಏರುತ್ತದೆ.

ಇನ್ವರ್ಟರ್ ಎಸಿಗಳು ಈ ತೊಂದರೆಯನ್ನು ಬಹುಮಟ್ಟಿಗೆ ಕಡಿಮೆ ಮಾಡುತ್ತವೆ, ಏಕೆಂದರೆ ಅವುಗಳ ಕಂಪ್ರೆಸರ್ ನಿಂತು ಹೊರಡುವ ಬದಲು ಅಗತ್ಯಕ್ಕೆ ತಕ್ಕಂತೆ ವೇಗವನ್ನು ತಗ್ಗಿಸಿಕೊಂಡು ಓಡುತ್ತಿರುತ್ತದೆ. ಆದರೂ ಪೂರ್ತಿ ಪರಿಹಾರವಲ್ಲ. ಕರ್ಕಾಟಕ ತಿಂಗಳಲ್ಲಿ ಹೊರಗೆ 26 ಡಿಗ್ರಿ ಇದ್ದು ಮಳೆ ಸುರಿಯುತ್ತಿರುವಾಗ ಇನ್ವರ್ಟರ್ ಬಹಳ ನಿಧಾನವಾಗಿ ಓಡುತ್ತದೆ, ಸುರುಳಿ ಸಾಕಷ್ಟು ತಣ್ಣಗಾಗುವುದಿಲ್ಲ, ನೀರೂ ಸರಿಯಾಗಿ ಇಳಿಯುವುದಿಲ್ಲ. ರಿಮೋಟಿನಲ್ಲಿರುವ ಡ್ರೈ ಮೋಡ್ ಇರುವುದು ಇಂಥ ದಿನಗಳಿಗಾಗಿಯೇ. ಫ್ಯಾನಿನ ವೇಗವನ್ನು ತಗ್ಗಿಸಿ ಸುರುಳಿಯನ್ನು ತಣ್ಣಗಿರಿಸಿ ಅದು ನೀರನ್ನು ಹಿಂಡುತ್ತದೆ.

ಹಾಗಾದರೆ ಯಾವ ಗಾತ್ರ? ಕೆಳಗಿನ ಅಂತಸ್ತಿನ, ಬಿಸಿಲು ನೇರವಾಗಿ ಬೀಳದ, 120ರಿಂದ 140 ಚದರಡಿಯ ಮಲಗುವ ಕೋಣೆಗೆ ಒಂದು ಟನ್ ಸಾಕು. ಅದೇ ಅಳತೆಯ ಕೋಣೆ ಮೇಲಂತಸ್ತಿನಲ್ಲಿ, ಹಗಲೆಲ್ಲ ಕಾದ ತಾರಸಿಯ ಅಡಿಯಲ್ಲಿದ್ದರೆ ಒಂದೂವರೆ ಟನ್ ಬೇಕೆನಿಸಬಹುದು. ಕಾಂಕ್ರೀಟು ಹಗಲು ಹೀರಿದ ಉಷ್ಣವನ್ನು ರಾತ್ರಿ ಹತ್ತು ಹನ್ನೊಂದರವರೆಗೂ ಕೆಳಕ್ಕೆ ಬಿಡುತ್ತಲೇ ಇರುತ್ತದೆ. ಇಲ್ಲಿ ಹೊಸ ಎಸಿಗಿಂತ ಮೊದಲು ನೋಡಬೇಕಾದದ್ದು ತಾರಸಿಯ ನೆರಳು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಸುರಿಯುವ ಮಳೆಗೆ ಹೆದರಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸುವುದು ರೂಢಿಯಾಗಿದೆ. ಸೋರಿಕೆ ತಡೆಯಲು ಹಾಕಿಸಿದ ಆ ಶೀಟು, ನಡುವೆ ಗಾಳಿಯಾಡಲು ಜಾಗವಿದ್ದರೆ, ಕೆಳಗಿನ ಕೋಣೆಯ ಎಸಿಯ ಹೊರೆಯನ್ನೂ ಗಣನೀಯವಾಗಿ ಇಳಿಸುತ್ತದೆ. ಆದರೆ ಅಡಿಕೆ ಒಣಗಿಸಲೆಂದು ಪಾರದರ್ಶಕ ಶೀಟು ಹಾಕಿಸಿದ್ದರೆ ನೆರಳಿಲ್ಲ, ಬದಲಿಗೆ ಬಿಸಿಲೂ ಉಷ್ಣವೂ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ. ಅಡಿಕೆಗೆ ಒಳ್ಳೆಯದಾದ ಆ ಬಿಸಿ ಕೆಳಗೆ ಮಲಗುವವರಿಗೆ ಒಳ್ಳೆಯದಲ್ಲ. ಮಲಗುವ ಕೋಣೆಯ ನೇರ ಮೇಲಿನ ಭಾಗಕ್ಕಾದರೂ ಬಿಳಿಯ ಅಥವಾ ಮಾಮೂಲಿ ಶೀಟು ಇರಲಿ.

ಹೆಂಚಿನ ಮನೆಗಳ ಸಂಗತಿ ಇನ್ನೂ ಸೂಕ್ಷ್ಮ. ಹೆಂಚುಗಳ ಸಂದಿನಲ್ಲಿ ಗಾಳಿ ಸದಾ ಆಡುವುದರಿಂದಲೇ ಆ ಮನೆಗಳು ಎಸಿಯಿಲ್ಲದೆ ಸಹನೀಯವಾಗಿದ್ದವು. ಅಂಥ ಕೋಣೆಗೆ ಮುಚ್ಚಿಗೆ ಇಲ್ಲದೆ ಎಸಿ ಹಾಕಿದರೆ ತೂತುಬಿದ್ದ ಕೊಡಪಾನಕ್ಕೆ ನೀರು ಸೇದಿದಂತೆಯೇ: ಎಷ್ಟು ಟನ್ನಿನದನ್ನು ತಂದರೂ ಹೊರಗಿನ ನೀರಾವಿ ಒಳಕ್ಕೆ ಬರುತ್ತಲೇ ಇರುತ್ತದೆ. ಮರದ ಮುಚ್ಚಿಗೆಯಿದ್ದರೂ ಹಲಗೆಗಳ ಸಂದು, ಕಿಟಕಿಯ ಮೇಲಿನ ಗಾಳಿಗಿಂಡಿ, ಬಾಗಿಲಡಿಯ ಎಡೆ ಇವುಗಳನ್ನು ಮುಚ್ಚಿಸಿದ ಮೇಲೆಯೇ ಯಂತ್ರದ ಮಾತು.

ಸ್ಟಾರಿನ ವಿಚಾರದಲ್ಲಿ ಗೊತ್ತಿರಬೇಕಾದದ್ದು, ಅದು ಕಾಲಕಾಲಕ್ಕೆ ಬದಲಾಗುವ ಅಳತೆ. ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ ನೀಡುವ ಲೇಬಲ್ಲಿನಲ್ಲಿ ‘ಐಎಸ್‌ಇಇಆರ್’ ಎಂಬ ಸಂಖ್ಯೆಯಿರುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ವರ್ಷದ ಸರಾಸರಿಯಲ್ಲಿ ಎಷ್ಟು ಯೂನಿಟ್ ಉಷ್ಣವನ್ನು ಯಂತ್ರ ಹೊರಹಾಕುತ್ತದೆ ಎಂಬುದನ್ನು ಅದು ಹೇಳುತ್ತದೆ. 2018ರಲ್ಲಿ 4.5 ಇದ್ದರೆ ಐದು ಸ್ಟಾರ್ ಸಿಗುತ್ತಿತ್ತು, 2022ರ ಜುಲೈಯಿಂದ ಅದಕ್ಕೆ 5 ಬೇಕಾಯಿತು. ಆದ್ದರಿಂದ ಹಳೆಯ ಸ್ಟಾಕಿನ ಐದು ಸ್ಟಾರನ್ನೂ ಹೊಸದರ ನಾಲ್ಕು ಸ್ಟಾರನ್ನೂ ಹೋಲಿಸುವಾಗ ನಕ್ಷತ್ರಗಳನ್ನು ಎಣಿಸದೆ ಈ ಸಂಖ್ಯೆಯನ್ನೇ ಓದಬೇಕು. ಲೇಬಲ್ಲಿನ ವಾರ್ಷಿಕ ಬಳಕೆ 1,600 ಗಂಟೆಗಳ ಲೆಕ್ಕ. ಪರೀಕ್ಷೆಯಲ್ಲಿ ಕೋಣೆಯ ಗಾಳಿ 27 ಡಿಗ್ರಿ ಇದ್ದು, ತೇವಾಂಶ ಐವತ್ತು ಶೇಕಡಾಕ್ಕೂ ಕಡಿಮೆ ಇರುತ್ತದೆ. ನಮ್ಮ ಕೋಣೆಗಳು ಅಷ್ಟು ಒಣಗಿರುವುದಿಲ್ಲ, ಆದ್ದರಿಂದ ಲೇಬಲ್ಲು ಎರಡು ಯಂತ್ರಗಳನ್ನು ಹೋಲಿಸಲು ಉಪಯುಕ್ತವೇ ಹೊರತು ನಿಮ್ಮ ಬಿಲ್ಲನ್ನು ಮೊದಲೇ ಹೇಳಲಾರದು.

ಬಿಲ್ಲಿನ ಲೆಕ್ಕವನ್ನು ನಾವೇ ಮಾಡಿಕೊಳ್ಳಬಹುದು. ಹಳೆಯ ಒಂದು ಟನ್ನಿನ ಯಂತ್ರದ ಕಂಪ್ರೆಸರ್ ಓಡುವಾಗ 1.3 ಕಿಲೋವ್ಯಾಟ್ ಎಳೆಯುತ್ತದೆ, ಎಂಟು ಗಂಟೆಗಳ ರಾತ್ರಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹೊತ್ತು ಓಡುತ್ತದೆ ಎಂದುಕೊಳ್ಳೋಣ. ರಾತ್ರಿಗೆ ಏಳೂಕಾಲು ಯೂನಿಟ್ ಆಯಿತು. ಅಷ್ಟೇ ಉಷ್ಣವನ್ನು ಐಎಸ್‌ಇಇಆರ್ 5 ಇರುವ ಯಂತ್ರ ಸುಮಾರು ನಾಲ್ಕು ಯೂನಿಟ್ಟಿನಲ್ಲಿ ಹೊರಹಾಕಬಹುದು. ವರ್ಷದಲ್ಲಿ ನಾಲ್ಕು ತಿಂಗಳು ಬಳಸುವ ಮನೆಗೆ ಉಳಿಯುವುದು ಸುಮಾರು 400 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಮೂರು ಸಾವಿರಕ್ಕೂ ಕಡಿಮೆ. ನಲವತ್ತು ಸಾವಿರ ಕೊಟ್ಟು ತಂದ ಯಂತ್ರ ಹೀಗೆ ತನ್ನ ಬೆಲೆಯನ್ನು ದುಡಿಯುವ ಹೊತ್ತಿಗೆ ಅದೂ ಹಳತಾಗಿರುತ್ತದೆ. ಚೆನ್ನಾಗಿ ನಡೆಯುತ್ತಿರುವ ಎಸಿಯನ್ನು ಕರೆಂಟು ಉಳಿಸಲೆಂದು ಮಾತ್ರ ಬದಲಿಸಬೇಡಿ ಎನ್ನುವುದು ಇದಕ್ಕಾಗಿ.

ಆದರೆ ಕೇರಳದ ವಿದ್ಯುತ್ ಮಂಡಳಿ, ಅಂದರೆ ಕೆಎಸ್‌ಇಬಿಯ ದರಪಟ್ಟಿ ಈ ಲೆಕ್ಕವನ್ನು ಕೆಲವು ಮನೆಗಳ ಮಟ್ಟಿಗೆ ಬದಲಿಸುತ್ತದೆ. ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳ ಬಿಲ್ಲಿನಲ್ಲಿ 500 ಯೂನಿಟ್ಟಿನವರೆಗೆ, ಮೊದಲ ಯೂನಿಟ್ಟುಗಳಿಗೆ ಕಡಿಮೆ ದರ, ಮುಂದಿನವುಗಳಿಗೆ ಹೆಚ್ಚು ದರ ಎಂಬ ಮೆಟ್ಟಿಲುಗಳಿವೆ. ಆ ಗಡಿ ದಾಟಿದರೆ ಮೆಟ್ಟಿಲುಗಳೇ ಇಲ್ಲ. ಮೊದಲ ಯೂನಿಟ್ಟಿನಿಂದ ಹಿಡಿದು ಎಲ್ಲಕ್ಕೂ ಒಂದೇ ಮೇಲಿನ ದರ. ಎಸಿ ಬಿಟ್ಟು ಎರಡು ತಿಂಗಳಿಗೆ 240 ಯೂನಿಟ್ ಬಳಸುವ ಮನೆ ಹಳೆಯ ಯಂತ್ರದೊಂದಿಗೆ 680ರ ಹತ್ತಿರ ಹೋದರೆ, ಹೊಸದರೊಂದಿಗೆ 500ರ ಒಳಗೆ ನಿಲ್ಲಬಹುದು. ಅಂಥ ಮನೆಗೆ ಉಳಿಯುವ ಹಣ ಮೇಲಿನ ಅಂದಾಜನ್ನು ಸುಲಭವಾಗಿ ಮೀರುತ್ತದೆ. ಎರಡು ಎಸಿ, ತೋಟದ ಪಂಪು ಎಲ್ಲ ಸೇರಿ ಹೇಗೂ ಗಡಿಯನ್ನು ದೂರ ದಾಟಿರುವ ಮನೆಗೆ ಈ ಲಾಭವಿಲ್ಲ. ಕಳೆದ ವರ್ಷದ ಮಾರ್ಚ್‌ನಿಂದ ಮೇ ವರೆಗಿನ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡರೆ ನಿಮ್ಮ ಮನೆ ಯಾವ ಗುಂಪಿನದೆಂದು ತಿಳಿಯುತ್ತದೆ. ತಾಪಮಾನವನ್ನು 26ಕ್ಕೆ ಇಟ್ಟು ಸೀಲಿಂಗ್ ಫ್ಯಾನನ್ನು ನಿಧಾನವಾಗಿ ತಿರುಗಿಸಿದರೂ ಗಡಿಯ ಒಳಗೆ ಬರಲು ಸಾಧ್ಯವಾಗಬಹುದು, ಅದಕ್ಕೆ ಹೊಸ ಯಂತ್ರವೂ ಬೇಕಿಲ್ಲ. 2020ರ ಜನವರಿಯಿಂದ ಹೊಸ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರುವುದು ಇದೇ ಉದ್ದೇಶದಿಂದ.

ಕೊಳ್ಳುವುದೆಂದು ನಿಶ್ಚಯವಾದ ಮೇಲೆ ಗ್ಯಾಸಿನ ಆಯ್ಕೆ ಹೆಚ್ಚು ಕಷ್ಟದ್ದಲ್ಲ. ಈಗ ಹೆಚ್ಚಾಗಿ ಸಿಗುವುದು ಆರ್-32. ಭೂಮಿಯನ್ನು ಬಿಸಿಯಾಗಿಸುವ ಅದರ ಶಕ್ತಿ ಕಾರ್ಬನ್ ಡೈಆಕ್ಸೈಡಿನ 675 ಪಟ್ಟು, ಹಿಂದಿನ ಆರ್-410ಎ ಗ್ಯಾಸಿನದು 2,088 ಪಟ್ಟು. ಕೆಲವು ಮಾದರಿಗಳಲ್ಲಿ ಬಳಸುವ ಆರ್-290 ಎಂದರೆ ಪ್ರೊಪೇನ್, ಅದರ ಈ ದೋಷ ನಗಣ್ಯ, ಆದರೆ ಬೇಗ ಹೊತ್ತಿಕೊಳ್ಳುವ ಗುಣವಿರುವುದರಿಂದ ತರಬೇತಿ ಪಡೆದವರೇ ಮುಟ್ಟಬೇಕು. ಆರ್-32 ಕೂಡ ಸ್ವಲ್ಪ ಮಟ್ಟಿಗೆ ಉರಿಯುವಂಥದ್ದೇ. ಸುರುಳಿ ತಾಮ್ರದ್ದಾಗಿರಲಿ, ರೆಕ್ಕೆಗಳ ಮೇಲೆ ತುಕ್ಕು ತಡೆಯುವ ಲೇಪನವಿರಲಿ. ಕಡಲ ಗಾಳಿ ನೇರವಾಗಿ ಬಡಿಯುವ ಪಶ್ಚಿಮದ ಗೋಡೆಯನ್ನು ಬಿಟ್ಟು, ನೆರಳಿನ, ಗಾಳಿಯಾಡುವ ಬದಿಯಲ್ಲಿ ಔಟ್‌ಡೋರ್ ಯೂನಿಟ್ ಕೂರಲಿ. ತಿಂಗಳಿಗೊಮ್ಮೆ ಸಿಹಿನೀರಿನಿಂದ ಅದರ ರೆಕ್ಕೆಗಳನ್ನು ಮೆಲ್ಲನೆ ತೊಳೆದರೆ ಉಪ್ಪು ಕಟ್ಟುವುದಿಲ್ಲ. ತೊಳೆಯುವ ಮುನ್ನ ಮೈನ್ ಸ್ವಿಚ್ ತೆಗೆದಿರಬೇಕು.

ಇಷ್ಟೆಲ್ಲ ಆರಿಸಿದ ಯಂತ್ರವನ್ನೂ ಒಂದು ಗಂಟೆಯ ಅವಸರದ ಅಳವಡಿಕೆ ಹಾಳುಮಾಡಬಲ್ಲದು, ಮತ್ತು ಹೊಸ ಎಸಿಯ ಮೊದಲ ವರ್ಷದ ದೂರುಗಳ ಮೂಲ ಅನೇಕ ಸಲ ಇಲ್ಲಿಯೇ ಇರುತ್ತದೆ. ಹಳೆಯ ತಾಮ್ರದ ಪೈಪು ಗೋಡೆಯೊಳಗೆ ಇದೆಯಲ್ಲ, ಅದನ್ನೇ ಬಳಸೋಣ ಎಂಬ ಸಲಹೆ ಬರುತ್ತದೆ. ಆರ್-22ರ ಪೈಪಿನೊಳಗೆ ಹಳೆಯ ಖನಿಜ ಎಣ್ಣೆ ಉಳಿದಿರುತ್ತದೆ, ಹೊಸ ಒತ್ತಡಕ್ಕೆ ತಕ್ಕ ದಪ್ಪವೂ ಇಲ್ಲದಿರಬಹುದು, ಆದ್ದರಿಂದ ಹೊಸ ಪೈಪಿಗೆ ಕೊಡುವ ಹಣ ವ್ಯರ್ಥವಲ್ಲ. ಜೋಡಣೆ ಮುಗಿದ ಮೇಲೆ ನೈಟ್ರೋಜನ್ ತುಂಬಿಸಿ ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು, ಅನಂತರ ವ್ಯಾಕ್ಯೂಮ್ ಪಂಪಿನಿಂದ ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿ ಎಳೆಯಬೇಕು. ಕೆಲವರು ಪಂಪು ತರುವ ಶ್ರಮ ತಪ್ಪಿಸಲು ಯಂತ್ರದೊಳಗಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ಹೊರದೂಡುತ್ತಾರೆ. ಹಾಗೆ ಮಾಡಿದರೆ ಒಳಗುಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ನಿಧಾನವಾಗಿ ತಿನ್ನುತ್ತದೆ. ಮಳೆಗಾಲದಲ್ಲಿ ಹಾಕಿಸಿದ ಯಂತ್ರಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಪಂಪು ತಂದಿದ್ದೀರಾ ಎಂದು ಕೆಲಸ ಶುರುವಾಗುವ ಮೊದಲೇ ಕೇಳುವುದರಲ್ಲಿ ಸಂಕೋಚಪಡಬಾರದು.

ವಯರಿಂಗಿನ ಕಡೆಗೂ ಕಣ್ಣು ಹಾಯಿಸಬೇಕು. ಎಸಿಗೆ ಪ್ರತ್ಯೇಕ 4 ಚದರ ಮಿಲಿಮೀಟರ್ ವಯರು, ಹೊರೆ ಮೀರಿದರೆ ತಾನೇ ಕರೆಂಟು ಕಡಿಯುವ ಅದರದ್ದೇ ಎಂಸಿಬಿ ಸ್ವಿಚ್, ಸರಿಯಾದ ಅರ್ತ್ ಇರಲಿ. ಎರಡನೆಯ ಎಸಿ, ಗೀಸರ್ ಸೇರಿ ಮನೆಯ ಒಟ್ಟು ಹೊರೆ 5 ಕಿಲೋವ್ಯಾಟ್ ಮೀರುವಂತಿದ್ದರೆ ತ್ರೀ ಫೇಸ್ ಸಂಪರ್ಕದ ಅರ್ಜಿಯನ್ನು ಮೊದಲೇ ಹಾಕಬೇಕಾಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಕುಸಿಯುವುದರಿಂದ, ಯಂತ್ರ ಎಷ್ಟು ವೋಲ್ಟಿನವರೆಗೆ ತಾಳುತ್ತದೆ ಎಂದು ನೋಡಿಯೇ ಸ್ಟೆಬಿಲೈಸರ್ ಬೇಕೇ ಬೇಡವೇ ಎಂದು ತೀರ್ಮಾನಿಸಬೇಕು. ಮೇಷ, ವೃಷಭ ತಿಂಗಳ ಮತ್ತು ತುಲಾ ತಿಂಗಳ ಸಿಡಿಲಿಗೆ ಇನ್ವರ್ಟರ್ ಎಸಿಯ ಎಲೆಕ್ಟ್ರಾನಿಕ್ ಬೋರ್ಡು ಬೇಗ ಬಲಿಯಾಗುತ್ತದೆ, ಹಲ್ಲಿ ಒಳಹೊಕ್ಕರೂ ಸುಡುತ್ತದೆ. ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುವಲ್ಲಿ ಬೋರ್ಡಿಗೆ ಎಷ್ಟು ವರ್ಷ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು.

ನಮ್ಮಲ್ಲಿ ಬಹಳ ಮಂದಿ ತಲಪಾಡಿ ದಾಟಿ ಮಂಗಳೂರಿನಿಂದ ಕೊಳ್ಳುತ್ತಾರೆ, ಆಯ್ಕೆಯೂ ಅಲ್ಲಿ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದದ್ದು ಎರಡೂ ರಾಜ್ಯಗಳಿಗೆ ಒಂದೇ, ಅದರಿಂದ ಗಡಿ ದಾಟಿದ ಮಾತ್ರಕ್ಕೆ ತೆರಿಗೆಯಲ್ಲಿ ಉಳಿತಾಯವಿಲ್ಲ. ಅಳವಡಿಕೆಗೆ ಜನ ಕೇರಳದ ಬದಿಯಿಂದ ಬರುತ್ತಾರೆಯೇ, ವಾರಂಟಿಯ ದೂರನ್ನು ಯಾವ ಸರ್ವಿಸ್ ಸೆಂಟರಿನಲ್ಲಿ ದಾಖಲಿಸಬೇಕು, ಹಳೆಯ ಯಂತ್ರವನ್ನು ಎಕ್ಸ್‌ಚೇಂಜಿಗೆ ಕೊಂಡೊಯ್ಯುವವರು ಯಾರು ಎಂಬುದನ್ನು ಹಣ ಕೊಡುವ ಮೊದಲೇ ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಮೇಲು.

ಹಳೆಯ ಯಂತ್ರವನ್ನು ಗೋಡೆಯಿಂದ ಇಳಿಸುವಾಗ ಪೈಪನ್ನು ಕತ್ತರಿಸಿ ಗ್ಯಾಸನ್ನು ಗಾಳಿಗೆ ಬಿಡುವುದು ನಡೆದುಬಂದಿದೆ. ಅದರ ಬದಲು ಕಂಪ್ರೆಸರ್ ಓಡುತ್ತಿರುವಾಗ ದ್ರವದ ವಾಲ್ವನ್ನು ಮುಚ್ಚಿ, ಗ್ಯಾಸೆಲ್ಲ ಔಟ್‌ಡೋರ್ ಯೂನಿಟ್ಟಿಗೆ ಸೇರಿದ ಕೂಡಲೇ ಇನ್ನೊಂದು ವಾಲ್ವನ್ನೂ ಮುಚ್ಚಿ ಯಂತ್ರವನ್ನು ನಿಲ್ಲಿಸಿದರೆ, ಒಂದು ಗ್ರಾಮು ಕೂಡ ಹೊರಹೋಗಬೇಕಾಗಿಲ್ಲ. ಇದನ್ನು ಪಂಪ್ ಡೌನ್ ಎನ್ನುತ್ತಾರೆ. ಪೈಪು ಬಿಚ್ಚಿದ ಮೇಲೂ ಕಂಪ್ರೆಸರನ್ನು ಓಡಿಸುತ್ತಿದ್ದರೆ ಗಾಳಿ ಒಳಹೊಕ್ಕು ಸಿಡಿಯುವ ಅಪಾಯವಿದೆ, ಹಾಗಾಗಿ ಇದು ಅರಿತವರ ಕೆಲಸವೇ ಹೊರತು ಮನೆಯವರದಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಎಸಿಯ ವಿಲೇವಾರಿಯ ಹೊಣೆ ತಯಾರಕರ ಮೇಲೂ ಇದೆ. ಗುಜರಿಯವರು ತಾಮ್ರಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು, ಆದರೆ ಅವರು ಗ್ಯಾಸನ್ನು ಹಿಡಿದಿಡುವ ಉಪಕರಣವಿಲ್ಲದೆ ಪೈಪನ್ನು ಒಡೆಯುವವರಾದರೆ ಎಕ್ಸ್‌ಚೇಂಜಿನಲ್ಲಿ ಕಂಪೆನಿಗೇ ಕೊಟ್ಟು ರಶೀದಿ ಪಡೆಯುವುದು ಸರಿಯಾದ ದಾರಿ.